ಹೊಟ್ಟೆ ತೋರಿಸಲು ಬಂದವರು

ಮಿರಜದ ಒಬ್ಬ ಹೊಟ್ಟೆ ಡಾಕ್ಟರ ಕೈಕೆಳಗೆ ನಾನು ನರ್ಸ್. ತಲೆನೋವು ಬಂದರೆ ಓಣಿಗೆಲ್ಲ ಡಂಗುರ ಹೊಡೆಯುವ ನಮ್ಮ ಜನ, ಸಂಡಾಸಿನಲ್ಲಿ ರಕ್ತ ಕಂಡರೆ ಮಾತ್ರ ತುಟಿ ಹೊಲಿದುಕೊಳ್ಳುತ್ತಾರೆ. ಹೀಗಾಗಿ ದಿನಾ ಒಂದಲ್ಲ ಒಂದು ಫಜೀತಿ ನನಗೆ ತಪ್ಪಿದ್ದಲ್ಲ. ಇಲ್ಲಿ ಹಲ್ಲು ಕಡಿದು ಸಾಂಗ್ಲಿಯ ಮನೆಗೆ ಹೋದರೆ ಅಲ್ಲಿ ನನ್ನ ತಮ್ಮ. ವಯಸ್ಸು ಮೂವತ್ತಮೂರು. ಅವನಿಗೂ ಎಷ್ಟೋ ದಿನದಿಂದ ರಕ್ತ ಹೋಗುತ್ತಿತ್ತು.

"ಮೂಳವ್ಯಾಧ ಅಕ್ಕಾ. ಖಾರ ಬಿಟ್ರ ಆತು. ಕ್ಯಾನ್ಸರ್ ಮುದುಕರಿಗೆ ಬರೂದು."

"ನಿನ್ನ ಕರುಳಿಗೇನ ನಿನ್ನ ವಯಸ್ಸ ಗೊತ್ತೇತಿ?" ಎಂದು ಬೈದೂ ಬೈದೂ ನನಗೆ ಸಾಕಾಗಿತ್ತು. ಸಿಟ್ಟಿನ ಕೆಳಗೆ ಭಯವೂ ಇತ್ತು.

೧. ಹಲ್ಲಿನ ರೋಗಿ

ಕುಪವಾಡದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ತರುಣ ತಂದೆಯನ್ನು ಕರೆತಂದ. "ಅಪ್ಪಗ ರಕ್ತ ಹೊಂಟೇತ್ರಿ" ಎಂದ. ಯಾವಾಗಿನಿಂದ, ಎಷ್ಟು ಎಂದು ಕೇಳಿದರೆ ಪಟಪಟ ಉತ್ತರ. ಅವನು ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ!

ಮುದುಕರನ್ನು ಒಳಗೆ ಒಯ್ದು, "ಎಡಮಗ್ಗಲಾಗ್ರಿ, ಮೊಣಕಾಲ ಎದಿಗೆ ಹಚ್ರಿ" ಎಂದೆ. ಅವರು ಗಾಬರಿಯಾದರು. "ಅಲ್ರಿ ಬಾಯಾರ, ಹಲ್ಲ ತೋರಸೂಣು ಅಂತ ಮಗ ಕರಕೊಂಡ ಬಂದಾನ. ಆ ಕಡಿಂದ ಹಲ್ಲ ಕಾಣತಾವ?"

ಹೊರಗೆ ಹೋಗಿ ಮಗನ ಕೈ ಹಿಡಿದೆ. "ರಕ್ತ ಹೊಂಟಿದ್ದು ನನಗರಿ... ಹೇಳಾಕ ನಾಚಿಕಿ ಆತು" ಎಂದ. ಅವನನ್ನೇ ಹಾಸಿಗೆಗೆ ಹತ್ತಿಸಿದೆ. ಮುದುಕರು ಬಾಗಿಲು ಬಿಟ್ಟು ಕದಲಲಿಲ್ಲ.

"ಹಂಗಾರ ನನ್ನ ಹಲ್ಲ ಯಾರ ನೋಡ್ತಾರ?"

೨. ಸೊರಗಿದವಳ ಗುಟ್ಟು

ಒಬ್ಬ ಹೆಣ್ಣುಮಗಳು, ನಲವತ್ತೂ ಆಗಿಲ್ಲ, ಸುಮ್ಮಸುಮ್ಮನೆ ಸೊರಗುತ್ತಿದ್ದಳು. ಸದಾ ಸುಸ್ತು, ಹೊಟ್ಟೆನೋವು. ಇದು ತೋರಿಸಲೇಬೇಕಾದ ಲಕ್ಷಣ. ಆದರೆ ಓಣಿಯವರೆಲ್ಲ "ತೆಳ್ಳಗಾಗಿ ಎಷ್ಟು ಛಂದ ಕಾಣತೀ!" ಎಂದು ಹೊಗಳಿ ಹೊಗಳಿ ಆಕೆಯನ್ನು ಮನೆಯಲ್ಲೇ ಕೂರಿಸಿದ್ದರು. ಕೊನೆಗೂ ಬಂದಳು, ಜೊತೆಗೆ ಮೂವರು ದಷ್ಟಪುಷ್ಟ ನೆರೆಯವರು. ಧೈರ್ಯ ತುಂಬಲು ಬಂದಿರಬೇಕು ಎಂದುಕೊಂಡು ಒಳಗೆ ಬಿಟ್ಟೆ.

ಡಾಕ್ಟರು ಆಕೆಯನ್ನು, "ದಿನಾ ಏನೇನ ಊಟ ಮಾಡ್ತೀರಿ?" ಎಂದು ಕೇಳಿದರು.

ಮೂವರೂ ಮೊಬೈಲ್ ತೆಗೆದು ರೆಕಾರ್ಡಿಂಗ್ ಶುರು ಮಾಡಿದರು.

೩. ಉಪ್ಪು ಜಾಸ್ತಿಯಾದ ಶರಬತ್ತು

ಅತ್ತು ಕರೆದು ತಮ್ಮನನ್ನು ತಪಾಸಣೆಗೆ ಒಪ್ಪಿಸಿದೆ. ಕರುಳಿನೊಳಗೆ ದುರ್ಬೀನು ಬಿಟ್ಟು ನೋಡುವ ಮುನ್ನ ಹೊಟ್ಟೆ ಪೂರ್ತಿ ಖಾಲಿಯಾಗಬೇಕು. ಅದಕ್ಕೊಂದು ಪುಡಿಯನ್ನು ನೀರಿನಲ್ಲಿ ಕಲಸಿ, ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟು ಕೆಲಸಕ್ಕೆ ಹೋದೆ. ನಿಂಬೆಯ ವಾಸನೆ ಬೇರೆ.

ಮನೆಗೆ ಖಂಡೇರಾಜುರಿ ಹಳ್ಳಿಯಿಂದ ಮಾವಶಿ, ಅಂದರೆ ನಮ್ಮವ್ವನ ತಂಗಿ, ಬಂದಿದ್ದಳು. ಅವಳ ಮಗನೂ ಹಾಜರಾದ. ತಮ್ಮನ ವಾರಿಗೆಯವನು, ಜಿಮ್ಮಿನ ಮೈ. ಬಂದದ್ದೇ ಬುದ್ಧಿ ಹೇಳಲು. "ಹುಚ್ಚ ಆಗೀಯೇನ? ಈ ವಯಸ್ಸಿನಾಗ ಎಂಥಾ ತಪಾಸಣಿ? ರದ್ದ ಮಾಡು!"

ಬಂದವರನ್ನು ಬರಿಬಾಯಿಯಲ್ಲಿ ಕಳಿಸುವ ಪೈಕಿಯವಳಲ್ಲ ಮಾವಶಿ. ಬಾಟಲಿ ತೆಗೆದು ಮಗನಿಗೆ ಗ್ಲಾಸು ತುಂಬಿಸಿದಳು. "ಶರಬತ್ತಿಗೆ ಉಪ್ಪ ಜಾಸ್ತಿ ಆಗೇತಿ" ಎನ್ನುತ್ತಲೇ ಅವನು ಮೂರು ಗ್ಲಾಸು ಇಳಿಸಿದ.

ಸಂಜೆ ನಾನು ಬಂದಾಗ ಬುದ್ಧಿ ಹೇಳುವವನು ಸಂಡಾಸಿನ ಒಳಗೆ, ನನ್ನ ತಮ್ಮ ಹೊಟ್ಟೆ ಹಿಡಿದು ನಗುತ್ತ ಹೊರಗೆ. ನಾನು ಹಣೆ ಚಚ್ಚಿಕೊಂಡು ಹೊಸ ಪುಡಿ ತರಲು ಓಡಿದೆ.

ಮರುದಿನ ತಮ್ಮನ ಕರುಳಿನಲ್ಲಿ ಒಂದು ಗಂಟು ಸಿಕ್ಕಿತು. ಡಾಕ್ಟರು ಅಲ್ಲೇ ಕತ್ತರಿಸಿ ತೆಗೆದರು. ಕೆಲ ದಿನದ ಮೇಲೆ ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು. "ಹಂಗ ಬಿಟ್ಟಿದ್ದರ ಮುಂದ ಕ್ಯಾನ್ಸರ್ ಆಗಬಹುದಿತ್ತು. ವ್ಯಾಳ್ಯಾಕ್ಕ ಬಂದ್ರಿ" ಎಂದರು. ಎಲ್ಲರೆದುರೇ ಅತ್ತುಬಿಟ್ಟೆ.

ಮಾವಶಿಯ ಮಗ ನನ್ನನ್ನು ಮೂಲೆಗೆ ಕರೆದ. ಜಿಮ್ಮಿನ ಎದೆ ಒಳಗೆ ಹೋಗಿತ್ತು. "ಅಕ್ಕಾ, ನನಗೂ ರಕ್ತ ಹೊಂಟೇತಿ. ಯಾರಿಗೂ ಹೇಳಿಲ್ಲ. ನನ್ನ ಹೆಸರೂ ಬರಸು."

ಬೈಯುವ ಬದಲು ಪೆನ್ನು ತೆಗೆದೆ. "ಬರಸ್ತೀನಿ. ಆ ಪುಡಿ ಮತ್ತ ಕುಡೀಬೇಕ ನೋಡು, ಪೂರಾ ಬಾಟಲಿ."

"ಕುಡೀತೀನಿ. ಅವ್ವನ ಕೈಯಾಗ ಮಾತ್ರ ಕೊಡಬ್ಯಾಡ. ನನ್ನ ನೋಡಾಕ ಬಂದ ಮಂದಿಗೆಲ್ಲಾ ಹಂಚಿಬಿಡ್ತಾಳ."