ಹಾನುಬಾಳು ರೇಸಿಂಗ್ ಟೀಮಿನ ಹತ್ತು ಮಂದಿ

ರಸ್ತೆ ಬದಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದರೆ ಸಾಕು, ಸೋಮಯ್ಯನ ಬಲಗಾಲು ಅವನನ್ನು ಕೇಳದೆಯೇ ಬ್ರೇಕಿನ ಮೇಲೆ ಕೂರುತ್ತಿತ್ತು. ಹನ್ನೆರಡು ವರ್ಷ ಎಸ್ಟೇಟಿನ ಹೆಣ್ಣಾಳುಗಳನ್ನು ಜೀಪಿನಲ್ಲಿ ಸಾಗಿಸಿ ಪಳಗಿದ ಕಾಲು ಅದು. ರೇಸಿಗೆ ಇಂಥ ಕಾಲು ಆಗದು ಎಂದು ಮುಬಾರಕ್ ಹೇಳುತ್ತಲೇ ಇದ್ದ.

ಮುಬಾರಕ್ ಗ್ಯಾರೇಜಿನವನು. ಅವನೂ ಸೋಮಯ್ಯನೂ ಸೇರಿದರೆ ಅದೇ ಹಾನುಬಾಳು ರೇಸಿಂಗ್ ಟೀಮ್. ವಾರವಿಡೀ ಸೋಮಯ್ಯನಿಗೆ ಅನ್ನ ಹಾಕುವ ಜೀಪು ಭಾನುವಾರ ಟೀಮಿನದು. ಹಿಂದಿನ ಎರಡು ಮಳೆಗಾಲದ ಕೆಸರು ರೇಸಿನಲ್ಲಿ ಅವರು ಕೊನೆಯ ಸ್ಥಾನವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಸೋಮಣ್ಣ, ಈ ಸಲ ಶನಿವಾರವೇ ಹೊಂಟ್ಬುಡು. ಭಾನುವಾರ ಸಂಜೆಗೆ ಮುಟ್ಬೋದು" ಎಂದ ಹೋಟೆಲಿನ ನಟರಾಜ್.

"ಈ ಸಲ ಸೋತ್ರೆ ಟೀಮೇ ಮುಚ್ತೀವಿ ಕಣೋ!" ಎಂದುಬಿಟ್ಟ ಸೋಮಯ್ಯ.

ಭಾನುವಾರ ಬಂತು. ಊರಾಚೆಯ ಎಸ್ಟೇಟ್ ಗುಡ್ಡವನ್ನು ಒಂದೊಂದೇ ಜೀಪು ಹತ್ತಬೇಕು. ಬೇಗ ತುದಿ ಮುಟ್ಟಿದವರಿಗೆ ಕಪ್. ಬೆಂಗಳೂರಿನ ಜೀಪುಗಳು ಮದುವೆ ಗಂಡಿನಂತೆ ಮಿರುಗುತ್ತ ಹೊರಟವು. ಪಕ್ಕದೂರು ಹೊಂಗಡಹಳ್ಳದ ಜೀಪು ಗುಟುರು ಹಾಕುತ್ತ ಹೋಯಿತು. ಕೊನೆಯ ತಿರುವಿನ ಕೆಸರಿನಲ್ಲಿ ಎಲ್ಲವಕ್ಕೂ ಒಂದೇ ಗತಿ. ಚಕ್ರ ಗಿರಗಿರ ತಿರುಗಿ, ಜೀಪುಗಳು ನಿಂತಲ್ಲೇ ನಿಂತು, ಬಹಳ ಹೊತ್ತು ಒದ್ದಾಡಿ ಮೇಲೇರಿದವು.

ಸೋಮಯ್ಯನ ಸರದಿ ಬಂತು. ಅರ್ಧ ಗುಡ್ಡ ಹಕ್ಕಿಯಂತೆ ಹಾರಿದ. ಅಲ್ಲಿ ತೋಟದೊಳಗಿಂದ, ದಿನಾ ಅವನ ಜೀಪಿನಲ್ಲೇ ಕೆಲಸಕ್ಕೆ ಹೋಗುವ ಹುಲಿಯಮ್ಮ ಮತ್ತು ಏಳು ಹೆಂಗಸರು ದಾರಿಗಿಳಿದು ಕೈ ಅಡ್ಡ ಹಿಡಿದರು. ಜೀಪು ನಿಂತಿತು.

"ಅಣ್ಣಾ, ರೇಸು ಕಣಣ್ಣಾ ಇದು!" ಪಕ್ಕದಲ್ಲಿ ಕೂತಿದ್ದ ಮುಬಾರಕ್ ಕಿರುಚಿದ.

"ನಂಗೊತ್ತು ಕಣೋ, ಕಾಲಿಗೆ ಗೊತ್ತಿಲ್ವಲ್ಲ!"

ಹುಲಿಯಮ್ಮ ಆಗಲೇ ಒಳಗೆ ಕೂತಿದ್ದಳು. "ನಿನ್ ರೇಸ್ ನೋಡಕ್ಕೇ ಹೊಂಟಿದ್ವಿ ಕಣಪ್ಪ, ಒಳ್ಳೆ ಟೈಮಿಗೆ ಬಂದೆ. ಸರ್ಕೊಳ್ರಮ್ಮೀ!"

"ಇಳೀರಕ್ಕ, ನಮ್ ಮಾನ ಹೋಯ್ತದೆ!"

"ಎಂಟ್ ಜನ ಇಳ್ಯಕ್ಕೆ ಟೈಮ್ ಐತಾ? ಹೊಡಿ ಜೀಪು!"

ಆ ಮಾತಿನಲ್ಲಿ ನ್ಯಾಯವಿತ್ತು. ಸೋಮಯ್ಯ ಗೇರು ಹಾಕಿದ. ಕೊನೆಯ ತಿರುವು ಬಂದಾಗ ಅವನು ಕಣ್ಣು ಮುಚ್ಚಿಕೊಳ್ಳುವುದೊಂದು ಬಾಕಿ. ಆದರೆ ಎಂಟು ಹೆಂಗಸರ ಭಾರಕ್ಕೆ ಹಿಂದಿನ ಚಕ್ರಗಳು ಕೆಸರನ್ನು ಉಡದಂತೆ ಕಚ್ಚಿ ಹಿಡಿದವು. ಒಂದಿಷ್ಟೂ ಜಾರದೆ ಜೀಪು ತುದಿ ಮುಟ್ಟಿತು. ಎಲ್ಲರಿಗಿಂತ ಬೇಗ!

ಬೆಂಗಳೂರಿನವನೊಬ್ಬ ತಕರಾರು ತೆಗೆದ. ನಿಯಮದ ಹಾಳೆಯಲ್ಲಿ 'ಜೀಪಿನಲ್ಲಿ ಇಬ್ಬರಿಗಿಂತ ಕಡಿಮೆ ಇರಬಾರದು' ಎಂದಷ್ಟೇ ಇತ್ತು. ಹತ್ತು ಜನ ಇರಬಾರದು ಎಂದು ಬರೆಯಲು ಯಾರಿಗೂ ಹೊಳೆದಿರಲಿಲ್ಲ.

ಮುಖ್ಯ ಅತಿಥಿಯಾಗಿ ಬಂದಿದ್ದ ಆರ್‌ಟಿಓ ಸಾಹೇಬರು ಕಪ್ ಕೊಟ್ಟರು. ಸೋಮಯ್ಯನ ಕೈಗೆ ಮೈಕು ಬಂತು. ಕೆಳಗೆ ಇಡೀ ಹಾನುಬಾಳು ನಿಂತಿತ್ತು. ಅವನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

"ಇವತ್ತೊಂದಿನ ಅಲ್ಲ ಸಾರ್, ಹನ್ನೆರಡು ವರ್ಷದಿಂದ ದಿನಾ ಇಷ್ಟ್ ಜನನ ಕೂರಿಸ್ಕೊಂಡು ಗುಡ್ಡ ಹತ್ತೀನಿ!"

ಚಪ್ಪಾಳೆ ಬಿತ್ತು. ಸಾಹೇಬರು ಬೆರಗಾಗಿ, "ದಿನಾ ಹತ್ತು ಜನಾನಾ?" ಎಂದರು.

"ಮಾಮೂಲಿ ದಿನ ಹತ್ತು. ಸಂತೆ ದಿನ ಹದಿನೆಂಟು ಸಾರ್!"

ಮುಬಾರಕ್ ಹಿಂದಿನಿಂದ ಅಂಗಿ ಜಗ್ಗಿದ. ಸೋಮಯ್ಯ ಕೊಡವಿಕೊಂಡ.

"ಬಾಡಿಗೆ ತಗೋತೀರಾ?"

"ಮತ್ತೆ? ಬಿಟ್ಟಿ ಹೊರಕ್ಕಾಯ್ತದಾ ಸಾರ್?"

"ನಂಬರ್ ಪ್ಲೇಟು ಬಿಳೀದಾ?"

"ಹಾಲಿನಂಗೈತೆ ಸಾರ್! ಬೆಳಿಗ್ಗೆ ನಾನೇ ತೊಳ್ದಿದ್ದು!"

ಬಾಡಿಗೆ ಹೊಡೆಯುವ ಗಾಡಿಗೆ ಹಳದಿ ಪ್ಲೇಟು ಬೇಕು ಎಂಬುದು ಮೈಕು ಕೈಬಿಟ್ಟ ಮೇಲೆ ಅವನಿಗೆ ನೆನಪಾಯಿತು. ಅಷ್ಟರಲ್ಲಿ ಸಾಹೇಬರು ಕೀ ಕೇಳಲು ಕೈ ಚಾಚಿದ್ದರು.

ಟೀಮಿನ ಹತ್ತೂ ಮಂದಿ ನಡೆದುಕೊಂಡು ಗುಡ್ಡ ಇಳಿದರು. ಕಪ್ ಹುಲಿಯಮ್ಮನ ತಲೆಯ ಮೇಲಿತ್ತು.

"ಸೋತ್ರೆ ತಾನೆ ಅಣ್ಣ ನಾವು ಮುಚ್ತೀವಿ ಅಂದಿದ್ದು? ಗೆದ್ದೂ ಮುಚ್ಕೊಂಡ್ವಲ್ಲ!" ಎಂದ ಮುಬಾರಕ್.

ಹೋಟೆಲಿನ ಬಾಗಿಲಲ್ಲಿ ನಟರಾಜ್, ಆಗಲೇ ಎಲ್ಲ ಕೇಳಿ ತಿಳಿದವನಂತೆ ಹಲ್ಲು ಕಿರಿಯುತ್ತ ನಿಂತಿದ್ದ.

"ಜೀಪೆಲ್ಲಿ ಸೋಮಣ್ಣ?"

ಸೋಮಯ್ಯ ಹುಲಿಯಮ್ಮನ ತಲೆಯಿಂದ ಕಪ್ ಇಳಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಆರ್‌ಟಿಓ ಸಾಹೇಬ್ರೇ ಕೇಳಿ ಇಸ್ಕೊಂಡ್ರು ಕಣೋ. ಗೆದ್ದ ಜೀಪಲ್ವಾ, ಯಾರಾದ್ರೂ ಆಸೆ ಪಡ್ತಾರೆ!"