ಕಿವಿಯೊಳಗಿನ ಮೇಡಂ

ಶಿಕ್ಷಕರಿಗೆ ಮೊಬೈಲ್ ಮೂಲಕ ತರಬೇತಿ ಕೊಡುವುದು ನನ್ನ ಕೆಲಸ. ಈ ಕಡೆ ಮೊಬೈಲು, ಆ ಕಡೆ ಶಿಕ್ಷಕರು, ನಡುವೆ ನಾನು. ಇಂಥದರಲ್ಲಿ ಏನಾದರೊಂದು ಫಜೀತಿ ಆಗದೆ ವಾರ ಕಳೆಯುವುದಾದರೂ ಹೇಗೆ? ನಮ್ಮ ಮನೆ ಗಡಿಯಾಚೆ, ಕೊಲ್ಹಾಪುರದ ಕಡೆಯ ಗಡಹಿಂಗ್ಲಜದಲ್ಲಿ. ನನ್ನ ಪಾಲಿಗೆ ಬಂದ ಕನ್ನಡ ಶಾಲೆಗಳು ಇಚಲಕರಂಜಿಯಿಂದ ಹಿಡಿದು ಹಲಕರ್ಣಿಯ ಕಡೆಗಿನ ಹಳ್ಳಿಗಳವರೆಗೆ ಚೆಲ್ಲಿಕೊಂಡಿವೆ. ಎಲ್ಲ ಕಡೆಗೂ ಬಸ್ಸು ಹತ್ತಿ ಹೋಗುವುದು ಆಗದ ಮಾತು. ಅದಕ್ಕೇ ಈ ವ್ಯವಸ್ಥೆ: ಮುಂಜಾನೆ ಗ್ರೂಪಿಗೆ ನನ್ನ ಧ್ವನಿಸಂದೇಶ, ಸಂಜೆ ಆನ್‌ಲೈನ್ ಸಭೆ, ನಡುವೆ ಯಾರಿಗಾದರೂ ಅಡಚಣೆ ಬಂದರೆ ಫೋನು. ಕಾಗದದ ಮೇಲೆ ಭಾಳ ಚಂದ ಕಾಣುತ್ತದೆ.

ಹೊರಗ ಹೋಗಿ ಒಳಗ ಬರ್ರಿ

ಒಂದು ಸಂಜೆ ಸಭೆ ನಡೆದಿತ್ತು. ಓದುವುದರಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಮುಂದೆ ತರುವುದು ಹೇಗೆ ಅಂತ ನಾನು ಹೇಳುತ್ತಿದ್ದೆ. ಒಬ್ಬ ಗುರುಗಳು ನೇಸರಿಗೆ ಹೋಗುವ ಬಸ್ಸಿನಲ್ಲಿ ಕೂತೇ ಸಭೆಗೆ ಸೇರಿದ್ದರು. ಇಯರ್‌ಫೋನ್ ಶಾಲೆಯಲ್ಲೇ ಮರೆತು ಬಂದಿದ್ದರಂತೆ. ಹೀಗಾಗಿ ನನ್ನ ಮಾತು ಇಡೀ ಬಸ್ಸಿಗೆ ಕೇಳುತ್ತಿತ್ತು. ಈ ಸಂಗತಿ ನನಗೆ ತಿಳಿದದ್ದು ಮರುದಿನ, ಅವರೇ ಹೇಳಿದಾಗ.

ಸಭೆ ಅರ್ಧಕ್ಕೆ ಬಂದಾಗ ಎಲ್ಲರ ಮುಖಗಳೂ ಪರದೆಯ ಮೇಲೆ ಕಲ್ಲಾಗಿ ನಿಂತುಬಿಟ್ಟವು. ಹಾಗಾದಾಗ ಸಭೆಯಿಂದ ಹೊರಬಿದ್ದು ಮತ್ತೆ ಸೇರಿಕೊಂಡರೆ ಸರಿಹೋಗುತ್ತದೆ. ನಾನು ದನಿ ಏರಿಸಿ ಹೇಳಿದೆ: "ಎಲ್ಲಾರೂ ಒಮ್ಮೆ ಹೊರಗ ಹೋಗ್ರಿ. ಹೋಗಿ ಮತ್ತ ಒಳಗ ಬರ್ರಿ. ಲಗೂ ಮಾಡ್ರಿ."

ಬಸ್ಸು ಆಗಷ್ಟೇ ಒಂದು ಸ್ಟಾಪಿನಲ್ಲಿ ನಿಂತಿತ್ತು. ಮುಂದಿನ ಸೀಟಿನಲ್ಲಿದ್ದ ಒಬ್ಬ ಅಜ್ಜಿ ಖಾಲಿ ಹಾಲಿನ ಕ್ಯಾನು ಎತ್ತಿಕೊಂಡು ಇಳಿದರು. ಅವರು ಇಳಿದದ್ದು ನೋಡಿ ಹಿಂದಿನವರು ಇಳಿದರು. ಅವರನ್ನು ನೋಡಿ ಅವರ ಹಿಂದಿನವರು. ಅರ್ಧ ಬಸ್ಸು ರಸ್ತೆಯ ಮೇಲೆ ನಿಂತಿತು.

ಕಂಡಕ್ಟರ್ ಗಾಬರಿಯಾದರು. "ಎಲ್ಲಿಗೆ ಹೊಂಟ್ರಿ ಎಲ್ಲಾರೂ? ಗಾಡಿ ಬರೋಬರಿ ಐತೆಲ್ಲಾ."

"ಮೇಡಂ ಹೇಳ್ಯಾರಪಾ, ಹೊರಗ ಹೋಗಿ ಮತ್ತ ಒಳಗ ಬರಬೇಕಂತ," ಅಂದರು ಅಜ್ಜಿ.

"ಯಾವ ಮೇಡಂ?"

ಗುರುಗಳು ಮೆಲ್ಲಗೆ ಮೊಬೈಲನ್ನು ಕಿಸೆಗೆ ಇಳಿಸಿ, ಕಿಟಕಿಯಾಚೆಯ ಕಬ್ಬಿನ ಹೊಲವನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು. ಕಂಡಕ್ಟರ್ ಬೈದು ಎಲ್ಲರನ್ನೂ ಮತ್ತೆ ಹತ್ತಿಸಿದರು. ಕೊನೆಯವರು ಹತ್ತಿ ಕೂಡುವುದಕ್ಕೂ ಗುರುಗಳ ಕಿಸೆಯೊಳಗಿಂದ ನನ್ನ ದನಿ ಬರುವುದಕ್ಕೂ ಸರಿಹೋಯಿತು: "ಶಾಬಾಶ್. ಎಲ್ಲಾರೂ ಒಳಗ ಬಂದೀರಿ. ಇನ್ನ ಮುಂದ ಹೋಗೂಣು."

ಅದನ್ನು ಕೇಳಿ ಡ್ರೈವರ್ ಗೇರು ಹಾಕಿದರು.

ಲೂಮು ನಿಂತ ದಿನ

ಇಚಲಕರಂಜಿಯಲ್ಲಿ ಒಂದು ಶಾಲೆಯ ಎಡಕ್ಕೂ ಬಲಕ್ಕೂ ಲೂಮುಗಳಿವೆ. ಕರೆಂಟಿನ ಮೇಲೆ ನಡೆಯುವ ಆ ಮಗ್ಗಗಳ ಖಟಾಖಟ್ ಸದ್ದಿನೊಳಗೇ ಅಲ್ಲಿನ ಮಕ್ಕಳು ಮಗ್ಗಿ ಕಲಿಯುತ್ತಾರೆ. ಅಲ್ಲಿಯ ಬಾಯಿಯವರು, ಅಂದರೆ ಶಿಕ್ಷಕಿ, ಪಾಠ ಮಾಡುವುದರಲ್ಲಿ ಭಾಳ ಹುಷಾರು. ಅವರ ಒಂದು ಪಾಠವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕೊಲ್ಹಾಪುರದಲ್ಲಿ ಶಿಕ್ಷಣ ಖಾತೆಯ ದೊಡ್ಡ ಸಾಹೇಬರಿಗೆ ತೋರಿಸಬೇಕಿತ್ತು. ಬಾಯಿಯವರು ಕಳಿಸಿದ ವಿಡಿಯೊದಲ್ಲಿ ಎಲ್ಲರ ಬಾಯಿಯೂ ಆಡುತ್ತಿತ್ತು, ಖಟಾಖಟ್ ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ.

"ವಾರಕ್ಕೊಮ್ಮೆ ಕರೆಂಟ್ ತಗೀತಾರಲ್ರಿ, ಆ ದಿನಾ ಮಾಡ್ರಿ," ಅಂದೆ ನಾನು.

ಕರೆಂಟು ಹೋಯಿತು. ಲೂಮು ನಿಂತವು. ಓಣಿ ತುಂಬ ಮೌನ. ಬಾಯಿಯವರು ಮೊಬೈಲನ್ನು ಕಿಟಕಿಯಲ್ಲಿಟ್ಟು, "ಹೂಂ, ಓದ್ರಿ," ಅಂದರು. ಮಕ್ಕಳಿಗೆ ಓದುವುದು ಅಂದರೆ ಒಂದೇ ರೀತಿ ಗೊತ್ತು, ಲೂಮಿನ ಸದ್ದನ್ನೂ ಮೀರಿಸಿ ಓದುವುದು. ಇಡೀ ವರ್ಗ ಒಂದೇ ಉಸಿರಿಗೆ ಚೀರಿತು.

ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದ ನೇಕಾರರೆಲ್ಲ ಓಡಿ ಬಂದರು. ವಿಡಿಯೊದಲ್ಲಿ ಅದೆಲ್ಲ ಇದೆ. ಪಾಠದ ನಡುವೆ ಬಾಗಿಲಿಗೆ ತಲೆಗಳು ಒಂದೊಂದಾಗಿ ಬರುತ್ತವೆ. ಒಬ್ಬರು, "ಏನಾತ್ರಿ ಬಾಯಿ, ಹಾವು ಬಂತೇನ?" ಅನ್ನುತ್ತಾರೆ. ಬಾಯಿಯವರು, "ಏನಿಲ್ಲ, ಕೆಂಪು ಕೋಳಿ ಪಾಠ," ಅನ್ನುತ್ತಾರೆ. ಆಮೇಲೆ ಅವರೆಲ್ಲ ಅಲ್ಲೇ ಕೂತು ಪಾಠವನ್ನು ಕೊನೆಯ ತನಕ ಕೇಳುತ್ತಾರೆ.

ಮತ್ತೆ ಚಿತ್ರೀಕರಿಸಲು ಸಮಯವಿರಲಿಲ್ಲ. ಹೆದರುತ್ತಲೇ ಅದನ್ನೇ ಕೊಲ್ಹಾಪುರಕ್ಕೆ ಕಳಿಸಿದೆ. ಸಾಹೇಬರಿಂದ ಉತ್ತರ ಬಂತು: "ಪಾಠ ಸಾಧಾರಣ. ಪಾಲಕರ ಸಹಭಾಗ ಅತ್ಯುತ್ತಮ."

ಯಾರಿಗೂ ಹೇಳಬ್ಯಾಡ್ರಿ

ಕೊಲ್ಹಾಪುರದ ತರಬೇತಿಯಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಗುರುಗಳಿಗೆ ಪಾಸ್‌ವರ್ಡ್ ಹಾಕುವುದನ್ನು ಕಲಿಸಿದೆ. "ಸರ್, ಇದನ್ನ ಯಾರಿಗೂ ಹೇಳಬ್ಯಾಡ್ರಿ. ನಾ ಕೇಳಿದ್ರೂ ಹೇಳಬ್ಯಾಡ್ರಿ," ಅಂತ ಒತ್ತಿ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

ಮಧ್ಯಾಹ್ನ ಊಟವಾಗಿ ಬಂದು ನೋಡಿದರೆ ಎಲ್ಲರೂ ಪಾಠ ತೆರೆದು ಕೂತಿದ್ದಾರೆ, ಇವರು ಮಾತ್ರ ಮೊಬೈಲನ್ನು ದಿಟ್ಟಿಸುತ್ತ ಕೈಕಟ್ಟಿ ಕೂತಿದ್ದಾರೆ.

"ಯಾಕ್ರಿ ಸರ್, ಪಾಸ್‌ವರ್ಡ್ ಮರ್ತಿರೇನು?"

"ಮರ್ತಿಲ್ರಿ. ಆದ್ರ ಇದು ಮುಂಜಾನಿಂದ ಕೇಳಾಕತ್ತೈತಿ. ನಾ ಹೇಳಿಲ್ಲ."

ಸಾವಕಾಶ ಮೇಡಂ

ಹಲಕರ್ಣಿಯ ಕಡೆಗಿನ ಒಂದು ಸಣ್ಣ ಶಾಲೆಗೆ ಒಬ್ಬರೇ ಗುರುಗಳು. ನಾನು ಮುಂಜಾನೆ ಕಳಿಸುವ ಧ್ವನಿಸಂದೇಶ ಇರುವುದು ಶಿಕ್ಷಕರಿಗೆ: ಇವತ್ತು ಈ ಆಟ ಆಡಿಸಿರಿ, ಈ ಪ್ರಶ್ನೆ ಕೇಳಿರಿ ಅಂತ. ಈ ಗುರುಗಳು ಅದನ್ನು ಕೇಳಿ ಆಮೇಲೆ ಮಕ್ಕಳಿಗೆ ಹೇಳುವ ಉಸಾಬರಿ ಯಾಕೆಂದು ಮೊಬೈಲನ್ನೇ ನೇರ ಮೇಜಿನ ಮೇಲಿಟ್ಟು ಹಚ್ಚಿಬಿಡುತ್ತಿದ್ದರು. ಮಕ್ಕಳು ಎದ್ದು ನಿಂತು ಮೊಬೈಲಿಗೆ ನಮಸ್ಕಾರ ಮಾಡುತ್ತಿದ್ದವು.

ಒಂದು ದಿನ ನಾನೇ ಆ ಶಾಲೆಗೆ ಹೋದೆ. "ಇವ್ರ ನೋಡ್ರಿ ಮೊಬೈಲ್ ಮೇಡಂ," ಅಂದರು ಗುರುಗಳು. ಮಕ್ಕಳು ನಂಬಲಿಲ್ಲ. ಒಬ್ಬಳು ಹುಡುಗಿ ಎದ್ದು ನಿಂತು, "ಖರೇ ಮೇಡಂ ಇದ್ರ 'ನಮಸ್ಕಾರ ಶಿಕ್ಷಕ ಬಂಧುಗಳೇ' ಅನ್ರಿ ನೋಡೂಣು," ಅಂದಳು.

ನಾನು ಹಾಗೆಯೇ ಅಂದೆ. ವರ್ಗದಲ್ಲಿ ಗುಜುಗುಜು ಶುರುವಾಯಿತು. ಆಕೆ ಇನ್ನೂ ತಲೆ ಅಲ್ಲಾಡಿಸುತ್ತಿದ್ದಳು.

"ದನಿ ಅದೇ ಐತ್ರಿ. ಆದ್ರ ಮೊಬೈಲ್‌ನ್ಯಾಗಿನ ಮೇಡಂ ಭಾಳ ಲಗೂಲಗೂ ಮಾತಾಡ್ತಾರ್ರಿ."

ನಾನು ಗುರುಗಳ ಮುಖ ನೋಡಿದೆ. ಅವರು ನೆಲ ನೋಡಿದರು.

"ಏನಿಲ್ರಿ ಮೇಡಂ," ಅಂದರು, "ನೀವು ಸ್ವಲ್ಪ ಉದ್ದ ಹೇಳ್ತೀರಿ. ಅದಕ್ಕ ನಿಮ್ಮನ್ನ ಎರಡು ಪಟ್ಟು ಓಡಿಸ್ತೀನಿ."

ಅತ್ತೆಯವರ ತರಬೇತಿ

ಗಡಹಿಂಗ್ಲಜದ ಹತ್ತಿರದ ಹಳ್ಳಿಯೊಂದರಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗಿ ಶಿಕ್ಷಕಿ. ಮಕ್ಕಳೊಂದಿಗೆ ಗಿಳಿಯಂತೆ ಮಾತಾಡುವಳು, ಹಿರಿಯರು ಯಾರಾದರೂ ವರ್ಗದಲ್ಲಿ ಕೂತರೆ ಮಾತ್ರ ಬಾಯಿಗೆ ಬೀಗ. ಆಕೆಯ ನೌಕರಿ ಕಾಯಂ ಆಗಬೇಕಾದರೆ ಕೊಲ್ಹಾಪುರದ ಸಾಹೇಬರು ಬಂದು ಪಾಠ ನೋಡಿ ಒಪ್ಪಬೇಕು. ಅವರು ಬರುವ ಹಿಂದಿನ ದಿನ ಅಳುತ್ತ ಫೋನು ಮಾಡಿದಳು.

"ಮೇಡಂ, ಸಾಹೇಬ್ರ ಮಾರಿ ನೋಡಿದ್ರ ನನಗ ಅಆಇಈನೂ ನೆನಪಾಗಂಗಿಲ್ರಿ."

"ಹೆದರಬ್ಯಾಡವಾ. ಇಯರ್‌ಫೋನ್ ಕಿವಿಗಿ ಹಾಕ್ಕೊಂಡು ಮ್ಯಾಲ ಕೂದಲಾ ಬಿಡು. ನಾ ಫೋನಿನ್ಯಾಗ ಇರ್ತೀನಿ. ನಾ ಏನ್ ಅಂತೀನಿ ಅದನ್ನ ಅಂದಬಿಡು. ವಿಚಾರ ಮಾಡಾಕ ಹೋಗಬ್ಯಾಡ."

ಮರುದಿನ ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತೆ. ಫೋನಿನಲ್ಲಿ ಮಾತಾಡುವವರಿಗೆ ಬೇರೆ ಕೆಲಸವಿಲ್ಲ ಅನ್ನುವುದು ನಮ್ಮ ಅತ್ತೆಯವರ ನಂಬಿಕೆ. "ಇವತ್ತ ಅಳತಿ ಕಲಿಯೂಣು," ಅಂದೆ. ಆ ಕಡೆ ಆಕೆಯೂ ಅಂದಳು. "ಮನ್ಯಾಗ ಹಾಲು ಎಷ್ಟ ತಗೋತೀರಿ?" ಅಂದೆ. ಅದನ್ನೂ ಅಂದಳು. ಅಷ್ಟರಲ್ಲಿ ಅತ್ತೆ ಬಾಗಿಲು ತೆರೆದರು.

"ಹಾಲಿನಂವ ಬಂದಾನ. ಎಷ್ಟ ಹಾಕಿಸ್ಕೊಳ್ಳಲಿ?"

"ಅರ್ಧಾ ಲೀಟರ್ ಸಾಕ್ರಿ, ನಿನ್ನಿದು ಉಳದೈತಿ," ಅಂದುಬಿಟ್ಟೆ.

"ಅರ್ಧಾ ಲೀಟರ್ ಸಾಕ್ರಿ, ನಿನ್ನಿದು ಉಳದೈತಿ," ಅಂತು ಫೋನು.

ವರ್ಗದಲ್ಲಿ ಯಾವುದೋ ಮಗು ಕೇಳಿತು: "ಟೀಚರ್, ನಿನ್ನಿದು ಒಡದಿದ್ರ?" ಅಷ್ಟಕ್ಕೇ ಪಾಠಕ್ಕೆ ಜೀವ ಬಂತು. ನಮ್ಮ ಮನ್ಯಾಗ ಇಷ್ಟು, ನಿಮ್ಮ ಮನ್ಯಾಗ ಎಷ್ಟು ಅಂತ ಮಕ್ಕಳು ಮುಗಿಬಿದ್ದವು. ಆದರೆ ಸಾಹೇಬರಿಗೆ ಸುಮ್ಮನೆ ಕೂತು ಗೊತ್ತಿಲ್ಲ. "ಹಂಗಲ್ಲ, ಹಿಂಗ ಕೇಳ್ರಿ," ಅಂತ ಅವರು ತಿದ್ದತೊಡಗಿದ್ದು ಫೋನಿನಲ್ಲಿ ಕೇಳಿಸಿತು. ಹುಡುಗಿಯ ದನಿ ಸಣ್ಣದಾಗುತ್ತ ಬಂತು. ನಾನು ಏನೋ ಧೈರ್ಯದ ಮಾತು ಹೇಳಬೇಕು ಅನ್ನುವಷ್ಟರಲ್ಲಿ ಅತ್ತೆ ಮತ್ತೆ ಒಳಗೆ ಬಂದು ಮಂಚದ ಮೇಲೇ ಕೂತರು.

"ಒಂದ ಲೀಟರ್ ಹಾಕಿಸೇನಿ. ನಿನಗ ಸಂಸಾರದ ಅಂದಾಜ ತಿಳಿಯಂಗಿಲ್ಲ. ನಮ್ಮ ಕಾಲದಾಗ—"

ನನಗೆ ತಡೆಯಲಾಗಲಿಲ್ಲ. "ಸಾಕ್ರಿ ನಿಮ್ಮದು. ನಡುವ ಬಾಯಿ ಹಾಕಬ್ಯಾಡ್ರಿ. ನನ್ನ ಕೆಲಸ ನಾ ಮಾಡ್ತೀನಿ, ನೀವು ಹೊರಗ ಹೋಗಿ ಕುಂದರ್ರಿ."

ಆಮೇಲೆ ಫೋನಿನಿಂದ ಆ ಹುಡುಗಿಯ ದನಿ, ನಾನು ಎಂದೂ ಕೇಳಿರದಷ್ಟು ಗಟ್ಟಿಯಾಗಿ, ಒಂದು ಅಕ್ಷರ ಬಿಡದೆ ಅದನ್ನೇ ಹೇಳಿತು.

ಈ ಕಡೆ ಅತ್ತೆ ಎದ್ದು ಹೊರಗೆ ಹೋದರು. ಆ ಕಡೆ ಸಾಹೇಬರು ಎದ್ದು ಹೊರಗೆ ಹೋದರು.

ನಾನು ಫೋನು ಕಟ್ ಮಾಡಿಬಿಟ್ಟೆ. ಆ ಹುಡುಗಿಯ ನೌಕರಿಗೆ ನಾನೇ ಎಳ್ಳುನೀರು ಬಿಟ್ಟೆನಲ್ಲ ಅಂತ ಊಟವೂ ಸೇರಲಿಲ್ಲ. ಮಧ್ಯಾಹ್ನ ಸಾಹೇಬರ ಫೋನು ಬಂತು. ಎದ್ದು ನಿಂತೇ ತೆಗೆದುಕೊಂಡೆ.

"ಮೇಡಂ, ನಾ ಹೊರಗ ಕಿಡಕಿ ಹಂತೇಕ ನಿಂತು ಪೂರಾ ಪಾಠ ಕೇಳೇನಿ. ನಾ ಹೊರಗ ಬಂದ ಮ್ಯಾಲ ಭಾಳ ಚಂದ ಕಲಿಸಿದ್ಳು ನೋಡ್ರಿ. ಇಷ್ಟ ವರ್ಷ ಆತು, ನನಗ ಹಿಂಗ ನೇರ ಅಂದವರು ಯಾರೂ ಇಲ್ಲ. ತಪ್ಪೇನೂ ಅಂದಿಲ್ಲ ಆಕಿ. ಕಾಯಂ ಮಾಡ್ರಿ ಅಂತ ಬರದೇನಿ. ಆದ್ರ ಇಂಥಾ ಧೈರ್ಯ ಆಕಿಗೆ ಯಾವ ತರಬೇತ್ಯಾಗ ಬಂತು?"

ಅತ್ತೆ ಇನ್ನೂ ಸಿಟ್ಟಿನಿಂದ ಹೊರಗಿನ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದರು. ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

"ನಮ್ಮ ಅತ್ತಿಯವರಿಂದ ಬಂತ್ರಿ, ಸರ್."

"ಹೌದಾ? ಹಂಗಾದ್ರ ಅವರನ್ನ ಒಂದಿನ ಕೊಲ್ಹಾಪುರಕ್ಕ ಕರಕೊಂಡ ಬರ್ರಿ. ಉಳದ ಶಿಕ್ಷಕರಿಗೂ ಸ್ವಲ್ಪ ಹೇಳಿಕೊಡ್ಲಿ."

ಫೋನು ಇಟ್ಟು ಕಟ್ಟೆಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, "ಬರ್ತೀರೇನ್ರಿ ಅತ್ತಿ?" ಅಂತ ಕೇಳಿದೆ. ಅವರು ಮೆಲ್ಲಗೆ ನನ್ನ ಕಡೆ ತಿರುಗಿ ಕೂತರು.

"ಬರ್ತೀನಿ," ಅಂದರು. "ಆದ್ರ ನಾ ಕಲಿಸೂ ಹೊತ್ತಿನ್ಯಾಗ ನೀ ಹೊರಗ ಹೋಗಿ ಕುಂದರಬೇಕ."