ವ್ಯಾನಿನ ನೆತ್ತಿಯ ಮೇಲಿನ ಕಂಬಿ

ವ್ಯಾನಿನ ನೆತ್ತಿ ಮೇಲೊಂದು ಕಂಬಿ ನೆಟ್ಟುಕೊಂಡು ಚಾಮರಾಜನಗರದಲ್ಲಿ ಓಡಾಡಿ ನೋಡಿ. ನಗೋ ಪ್ರಸಂಗಗಳನ್ನ ನೀವು ಹುಡುಕಬೇಕಾಗಿಲ್ಲ, ಅವೇ ಕೈ ಅಡ್ಡ ಹಾಕಿ ವ್ಯಾನ್ ನಿಲ್ಲಿಸ್ತವೆ.

೧. ವಾಯಿದೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೊಬೈಲು ಆಗತಾನೆ ಎಲ್ಲರ ಜೇಬಿಗೂ ಬರ್ತಿದ್ದ ಕಾಲದಲ್ಲಿ ನಾನು ಪರೀಕ್ಷೆ ಬರೆದು ಹ್ಯಾಮ್ ರೇಡಿಯೋ ಲೈಸೆನ್ಸ್ ತಗೊಂಡೆ. ಹ್ಯಾಮ್ ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡೋರು. ಗುಂಡಿ ಒತ್ತಿ ಮಾತಾಡೋದು, ಬಿಟ್ಟು ಕೇಳಿಸ್ಕೊಳೋದು. ಹಳೇ ವ್ಯಾನಿಗೆ ಸೆಟ್ ಕೂರಿಸಿ, ಮೇಲೆ ಆಂಟೆನಾ ನೆಟ್ಟೆ. ಗುಂಡ್ಲುಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರಿಗೂ ಇದೇ ಹುಚ್ಚು. ವ್ಯಾನಿಂದ ಅವರನ್ನ ಒಂದ್ಸಲ ಮಾತಾಡಿಸಬೇಕು ಅನ್ನೋದೇ ನನ್ನ ಆಸೆ.

ನನ್ನ ಹೆಂಡತಿ ಕಂಬೀನ ಮೇಲಿಂದ ಕೆಳಕ್ಕೆ ನೋಡಿದಳು. "ಫೋನಲ್ಲೇ ಮಾತಾಡ್ಬೋದಲ್ರೀ?"

"ಫೋನಲ್ಲಿ ಯಾರು ಬೇಕಾದ್ರೂ ಮಾತಾಡ್ತಾರೆ ಕಣೇ."

"ಇದ್ರಲ್ಲಿ ಯಾರೂ ಮಾತಾಡ್ತಿಲ್ವಲ್ಲ. ದೀಪಾವಳಿ ಒಳಗೆ ಒಬ್ಬರಾದ್ರೂ ಉತ್ತರ ಕೊಡ್ಲಿ. ಇಲ್ದಿದ್ರೆ ಅದನ್ನ ಬಿಚ್ಚಿಕೊಡಿ, ಹಿತ್ತಲಲ್ಲಿ ಹಾಗಲಬಳ್ಳಿ ಹಬ್ಬಿಸೋಕೆ ಕೋಲಿಲ್ಲ."

೨. ಹರವೆಯ ಶ್ರೋತೃಗಳು

ಒಂದು ಭಾನುವಾರ ಹರವೆ ಹತ್ರ ವ್ಯಾನ್ ನಿಲ್ಲಿಸಿ ಗಂಟಲು ಹರಿಯೋ ಹಾಗೆ ಕರೆದೆ. ಉತ್ತರ ಇಲ್ಲ. ಹೊಲದಿಂದ ಬಂದ ಯಜಮಾನರೊಬ್ಬರು ಕಿಟಕಿಗೆ ತಲೆ ತೂರಿಸಿದರು. ಹಿಂದೆ ಇನ್ನೂ ನಾಲ್ಕು ಜನ.

"ಸಾ, ಹಾಡು ಬತ್ತದಾ?"

"ಇದ್ರಲ್ಲಿ ಹಾಡು ಬರಲ್ಲ ಯಜಮಾನ್ರೇ."

"ವಾರ್ತೆ?"

"ಅದೂ ಇಲ್ಲ."

"ಮತ್ತೇನ್ ಬತ್ತದೆ?"

"ಸದ್ಯಕ್ಕೆ ಬರೀ ಸೊರ್ ಅನ್ನೋ ಸದ್ದು."

ಅವರು ನಿಧಾನವಾಗಿ ಬೀಡಿ ಹಚ್ಚಿ, ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ಉಳಿದವರೂ ಕೂತರು. "ಅದೇ ಆಯ್ತು ಬುಡಿ. ವಸಿ ಜೋರಾಗಿ ಮಡಗಿ."

೩. ಆಯುಧಪೂಜೆ

ಆಯುಧಪೂಜೆ ದಿನ ವ್ಯಾನು ತೊಳೆದು ನಿಲ್ಲಿಸಿ, ಹೂ ತರೋಕೆ ಹೋದೆ. ಬರೋಷ್ಟರಲ್ಲಿ ಹೆಂಡತಿ ಬಾಳೆಕಂದು ಕಟ್ಟಿ ಮುಗಿಸಿದ್ದಳು. ಎಲ್ಲಿಗೆ? ಎಲ್ಲರೂ ಬಂಪರಿಗೆ ಕಟ್ಟಿದರೆ, ಇವಳು ಆಂಟೆನಾಗೇ ಕಟ್ಟಿದ್ದಳು. ನೋಡೋಕೆ ಚೆನ್ನಾಗೇ ಇತ್ತು, ನಾನೂ ನನ್ನ ಚೆಂಡುಹೂವಿನ ಹಾರ ಅದಕ್ಕೇ ಸುತ್ತಿದೆ.

ಸಂಜೆ ಸೆಟ್ ಹಾಕಿದರೆ ಮೀಟರಿನ ಮುಳ್ಳು ಎಲ್ಲೆಲ್ಲೋ ಹಾರಾಡ್ತಿದೆ, ಸೆಟ್ಟು ಸುಡ್ತಿದೆ. ಸೀಟು ಕಿತ್ತೆ, ವೈರು ಕಿತ್ತೆ, ಬೆವರಿಳಿಸಿಕೊಂಡು ಸಾಹೇಬರಿಗೆ ಫೋನ್ ಮಾಡಿದೆ.

"ಆಂಟೆನಾಗೆ ಏನಾದ್ರೂ ತಾಗ್ತಿದೆಯಾ ಮೇಷ್ಟ್ರೇ?"

"ಏನೂ ಇಲ್ಲ. ಎರಡು ಬಾಳೆಕಂದು, ಒಂದು ಮಾರು ಹೂವು, ಅಷ್ಟೇ."

"ನಿಮ್ಮ ಮಾತೆಲ್ಲಾ ಬಾಳೆಗಿಡಕ್ಕೇ ಹೋಗ್ತಿದೆ ಮೇಷ್ಟ್ರೇ. ಗೊನೆ ಬಿಡೋವರ್ಗೂ ಕಾಯ್ತೀರಾ?"

ಬಿಚ್ಚೋಕೆ ಹೋದರೆ ಹೆಂಡತಿ ಬಿಡಲಿಲ್ಲ. ಪೂಜೆಗೆ ಕಟ್ಟಿದ್ದು ತಾನಾಗಿ ಒಣಗಬೇಕಂತೆ. ವಾಯಿದೆ ಇಟ್ಟೋಳೂ ಅವಳೇ, ದಿನ ತಿಂದೋಳೂ ಅವಳೇ. ಆ ಬಾಳೆಕಂದು ಮಾತ್ರ ನನ್ನ ಮೇಲೆ ಹಟ ಹಿಡಿದು ಹಸಿರಾಗೇ ಇತ್ತು.

೪. ತೆರಕಣಾಂಬಿಯ ರಾಜಿ

ದೀಪಾವಳಿಗೆ ಮುಂಚಿನ ಕೊನೇ ಭಾನುವಾರ. ಬಾಳೆಕಂದು ಅಂತೂ ಒಣಗಿ, ಕಂಬಿ ಖಾಲಿಯಾಗಿತ್ತು. ಅಂಗಡೀಲಿ ಸೆಟ್ ಹಾಕ್ಕೊಂಡು ಕಾಯ್ತೀನಿ ಅಂದಿದ್ದರು ಸಾಹೇಬರು. ಹೆಂಡತೀನ ಪಕ್ಕದಲ್ಲಿ ಕೂರಿಸಿಕೊಂಡು ಗುಂಡ್ಲುಪೇಟೆ ದಾರಿ ಹಿಡಿದೆ. ದಾರಿ ಉದ್ದಕ್ಕೂ ಕರೆದೆ, ಸೊರ್ ಬಿಟ್ಟು ಬೇರೇನೂ ಇಲ್ಲ. ಅವಳು ಕಿಟಕಿಯಿಂದ ತಲೆ ಹೊರಹಾಕಿ, ಅಳತೆ ತಗೊಳ್ಳೋ ಹಾಗೆ ಕಂಬೀನೇ ನೋಡ್ತಿದ್ದಳು. ಅದೇ ನನಗೆ ಜಾಸ್ತಿ ಸಂಕಟ.

ತೆರಕಣಾಂಬಿ ದಾಟಿ, ಹುಣಸೆಮರದ ಕೆಳಗಿನ ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಅವಳು ಇಳಿದು ಬೆಂಚಿನ ಮೇಲೆ ಕೂತಳು. ನಾನು ವ್ಯಾನಿನ ಪಕ್ಕ ನಿಂತು, ಮೈಕನ್ನ ಕಿಟಕಿಯಿಂದ ಎಳಕೊಂಡು ಕೊನೇ ಸಲ ಕರೆದೆ.

"ಮೇಷ್ಟ್ರೇ, ಕೇಳಿಸ್ತು!" ಸೆಟ್ಟಿನೊಳಗಿಂದ ಸಾಹೇಬರ ದನಿ.

ಎಂಥ ಸಂತೋಷ ಅಂದರೆ ನನ್ನ ಹೆಸರೇ ಮರೆತುಹೋಯ್ತು. "ನೀವು ಎಲ್ಲಿಂದ?" ಅಂದೆ.

"ಅಂಗಡೀಲಿ ಕೂತು ಸಾಕಾಯ್ತು, ಸೆಟ್ಟನ್ನ ಜೀಪಿಗೆ ಹಾಕ್ಕೊಂಡು ಬಂದ್ಬಿಟ್ಟೆ. ತೆರಕಣಾಂಬಿ ಹತ್ರ, ಟೀ ಅಂಗಡಿ, ಹುಣಸೆಮರ..."

ತಿರುಗಿ ನೋಡಿದೆ. ಮರದ ಆ ಮಗ್ಗುಲಲ್ಲಿ ಜೀಪು, ಪಕ್ಕದಲ್ಲಿ ಮೈಕು ಹಿಡಿದ ಸಾಹೇಬರು. ಓಡಿಹೋಗೋಣ ಅಂತ ಕಾಲೆತ್ತಿದೆ. ಅವರು ಕೈ ಅಡ್ಡ ಹಿಡಿದು ತಡೆದರು. ನಮ್ಮಲ್ಲೊಂದು ಪದ್ಧತಿ ಇದೆ: ಇಬ್ಬರೂ ತಂತಮ್ಮ ಗುರುತು ಹೇಳಿ, ಮಾತು ಎಷ್ಟು ಸ್ಪಷ್ಟವಾಗಿದೆ ಅಂತ ರೇಡಿಯೋದಲ್ಲೇ ಹೇಳಿ ಮುಗಿಸಬೇಕು. ನಡುವೆ ಎದ್ದು ಹೋಗಿ ಕೈ ಕುಲುಕಿದರೆ ಲೆಕ್ಕಕ್ಕಿಲ್ಲ. ಹಾಗಾಗಿ ಮುಖ ಮುಖ ನೋಡ್ಕೊಂಡು, ಗಂಭೀರವಾಗಿ ಮೈಕಲ್ಲೇ ಮಾತಾಡಿದೆವು.

"ನಿಮ್ಮ ದನಿ ಬಹಳ ಸ್ಪಷ್ಟವಾಗಿದೆ ಮೇಷ್ಟ್ರೇ."

"ನಿಮ್ಮದೂ ಸಾಹೇಬ್ರೇ. ಅಲ್ಲಿ ಹವಾಮಾನ ಹೇಗಿದೆ?"

"ಇಲ್ಲಿ ಬಿಸಿಲು. ನಿಮ್ಮ ಕಡೆ?"

"ಇಲ್ಲೂ ಬಿಸಿಲೇ."

ಟೀ ಅಂಗಡಿ ತಾತ ಇದನ್ನೆಲ್ಲ ನೋಡ್ತಾ ನಿಂತಿದ್ದರು. ಎರಡು ಲೋಟ ಟೀ ಹಿಡಿದು ಬಂದು, ನನ್ನ ರಟ್ಟೆ ಹಿಡಿದು ಸಾಹೇಬರ ಹತ್ರ ದರದರ ಎಳಕೊಂಡು ಹೋದರು. "ಜಗಳ ಏನಾರ ಇರ್ಲಿ ಕಣ್ರಪ್ಪಾ, ಹಿಂಗೆ ಮಾತು ಬುಟ್ಟು ಮಿಷನ್ನಲ್ಲಿ ಮಾತಾಡೋ ಗಂಟ ತಕ್ಕೋಗ್ಬಾರ್ದು. ಕುಡೀರಿ. ಇಲ್ಲಿಗೇ ರಾಜಿ ಮಾಡ್ಕಳಿ."

ಬೆಂಚಿನ ಮೇಲೆ ನಗು ತಡೀಲಾರದೆ ಕಣ್ಣೊರೆಸಿಕೊಳ್ತಿದ್ದ ನನ್ನ ಹೆಂಡತಿ ಅಂದಳು, "ಬುಡಿ ತಾತ, ಅವರು ಹಿಂಗೇ ಮಾತಾಡ್ಕೊಳ್ಳಿ. ರಾಜಿ ಆಗಿರೋಳು ನಾನು."